ನಡುವಿನ ಚಿಕ್ಕಿ ಕಾಣುತ್ತದೆಯೇ? ಕಲಬುರಗಿಯ ಆಕಾಶದಲ್ಲಿ 8 ಇಂಚಿನ ದೂರದರ್ಶಕದೊಂದಿಗೆ ಎರಡು ಚಳಿಗಾಲ

ದೂರದರ್ಶಕ ಕೊಂಡವರು ಸಾಮಾನ್ಯವಾಗಿ ಶನಿಯ ಬಳೆಗಳನ್ನೋ ಚಂದ್ರನ ಕುಳಿಗಳನ್ನೋ ನೋಡಿ ಅದರ ಗುಣವನ್ನು ನಿರ್ಣಯಿಸುತ್ತಾರೆ. ಎರಡು ಚಳಿಗಾಲ ಬಳಸಿದ ನನ್ನ 8 ಇಂಚಿನ ಡಾಬ್ಸೋನಿಯನ್ (ಕೈಯಿಂದ ತಿರುಗಿಸುವ ಸರಳ ಪೀಠದ ಮೇಲೆ ಕೂರುವ ಕನ್ನಡಿ) ದೂರದರ್ಶಕವನ್ನು ನಾನು ಒಂದೇ ಪ್ರಶ್ನೆಯಿಂದ ಪರೀಕ್ಷಿಸಿದ್ದೇನೆ: ಗ್ರಹೀಯ ನೀಹಾರಿಕೆಯ, ಅಂದರೆ ಸಾಯುತ್ತಿರುವ ನಕ್ಷತ್ರ ಬಿಟ್ಟ ಹೊಳೆಯುವ ಅನಿಲದ ಹೊದಿಕೆಯ, ನಟ್ಟನಡುವೆ ಇರುವ, ಆ ನೀಹಾರಿಕೆಯನ್ನು ತನ್ನ ಮೈಯಿಂದಲೇ ಹೊರಚೆಲ್ಲಿದ ನಕ್ಷತ್ರವನ್ನು (ನಮ್ಮ ಕಡೆಯ ಮಾತಿನಲ್ಲಿ ಚಿಕ್ಕಿಯನ್ನು) ಅದು ನಮ್ಮ ಕಲಬುರಗಿಯ ಆಕಾಶದಲ್ಲಿ ತೋರಿಸುತ್ತದೆಯೇ? ಕೊಳ್ಳುವ ಮೊದಲು ಈ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹುಡುಕಿ ನನಗೆ ಸಿಗಲಿಲ್ಲ. ಆದ್ದರಿಂದ ಈ ವಿಮರ್ಶೆಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಉಪಕರಣದ ವಿಷಯ. ಇದರ ಮುಖ್ಯ ಕನ್ನಡಿಯ ವ್ಯಾಸ 203 ಮಿಲಿಮೀಟರ್, ನಾಭಿದೂರ 1200 ಮಿಲಿಮೀಟರ್. ಕತ್ತಲಿಗೆ ಪೂರ್ತಿ ಒಗ್ಗಿದ ಕಣ್ಣಿನ ಪಾಪೆ 7 ಮಿಲಿಮೀಟರ್ ಅಗಲವಾಗುತ್ತದೆ ಎಂದು ಹಿಡಿದರೆ, ಬರಿಗಣ್ಣಿಗಿಂತ 800 ಪಟ್ಟಿಗೂ ಹೆಚ್ಚು ಬೆಳಕನ್ನು ಈ ಕನ್ನಡಿ ಕೂಡಿಸಿ ಕೊಡುತ್ತದೆ. ಜೊತೆಗೆ ಬಂದ 25 ಮಿಲಿಮೀಟರ್ ನೇತ್ರಕದಿಂದ (ಕಣ್ಣಿಟ್ಟು ನೋಡುವ ಮಸೂರದಿಂದ) 48 ಪಟ್ಟು, 10 ಮಿಲಿಮೀಟರ್ ನೇತ್ರಕದಿಂದ 120 ಪಟ್ಟು ವರ್ಧನೆ ಸಿಗುತ್ತದೆ. ಇವೆರಡರಲ್ಲಿ 25ರದು ಒಳ್ಳೆಯದು. 10ರದು ಅಂಚಿನಲ್ಲಿ ನಕ್ಷತ್ರಗಳನ್ನು ಹಿಗ್ಗಿಸಿ ತೋರಿಸುವುದರಿಂದ ಅದನ್ನು ಬದಿಗಿಟ್ಟು, 200 ಪಟ್ಟು ವರ್ಧಿಸುವ 6 ಮಿಲಿಮೀಟರ್ ನೇತ್ರಕವನ್ನು ಬೇರೆಯಾಗಿ ಕೊಂಡೆ. ಇದರ ಜೊತೆಗೆ ಆಮ್ಲಜನಕದ ಬೆಳಕನ್ನಷ್ಟೇ ಒಳಬಿಡುವ ಒಂದೂಕಾಲು ಇಂಚಿನ ಫಿಲ್ಟರ್ ಒಂದು. ಎಲ್ಲ ಸೇರಿ ನನಗೆ ಆದ ಖರ್ಚು ಸುಮಾರು 75,000 ರೂಪಾಯಿ. ಮೋಟಾರಿಲ್ಲ, ಕಂಪ್ಯೂಟರಿಲ್ಲ, ಕೈಯಿಂದ ತಳ್ಳಿ, ನಕ್ಷೆ ನೋಡಿ, ನಕ್ಷತ್ರದಿಂದ ನಕ್ಷತ್ರಕ್ಕೆ ಹೆಜ್ಜೆ ಇಡುತ್ತ ಹುಡುಕಬೇಕು.

ಪಾರ್ಸೆಲ್ ಬಂದ ದಿನ ನನಗೆ ಬೇಸರವೇ ಆಯಿತು. ಪೆಟ್ಟಿಗೆಯ ಒಂದು ಮೂಲೆ ನಜ್ಜುಗುಜ್ಜಾಗಿತ್ತು, ಒಳಗಿನ ಸಣ್ಣ ಓರೆಗನ್ನಡಿ ಸಡಿಲಗೊಂಡು ಅಲುಗಾಡುತ್ತಿತ್ತು, ಪೀಠವನ್ನು ಬಿಗಿಯುವ ಬೋಲ್ಟುಗಳಲ್ಲಿ ಒಂದು ಇರಲೇ ಇಲ್ಲ. ಮಾರಿದವರಿಗೆ ಚಿತ್ರಸಹಿತ ಬರೆದರೆ ಮೂರು ವಾರಗಳ ಮೇಲೆ ಉತ್ತರ ಬಂತು. ಅಷ್ಟರೊಳಗೆ ನಾನೇ ಕಪನೂರ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್ ಒಂದರಲ್ಲಿ ಅದೇ ಅಳತೆಯ ಬೋಲ್ಟು ಹುಡುಕಿಸಿ ಕೂಡಿಸಿದ್ದೆ. ಕನ್ನಡಿಗಳನ್ನು ಒಂದೇ ಅಕ್ಷಕ್ಕೆ ತರುವ ಹೊಂದಾಣಿಕೆಯನ್ನು ಕಲಿಯಲು ನಾಲ್ಕು ಸಂಜೆಗಳು ಹಿಡಿದವು. ಈ ಕೆಲಸವನ್ನು ಯಾರೂ ತಪ್ಪಿಸಿಕೊಳ್ಳಬಾರದು. ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದ್ದರೂ ಚಂದ್ರ ಚೆನ್ನಾಗಿಯೇ ಕಾಣುತ್ತಾನೆ, ಆದರೆ ನೀಹಾರಿಕೆಯ ನಡುವಿನ ಕ್ಷೀಣ ನಕ್ಷತ್ರದ ಬೆಳಕು ಹರಡಿಹೋಗಿ ಸುತ್ತಲಿನ ಮಬ್ಬಿನಲ್ಲಿ ಕರಗುತ್ತದೆ.

ಆ ನಕ್ಷತ್ರಕ್ಕೆ ನಾನು ಇಷ್ಟು ಮಹತ್ವ ಕೊಡುವ ಕಾರಣವನ್ನು ಹೇಳಬೇಕು. ಹೆಸರಿನಲ್ಲಿ ಗ್ರಹವಿದ್ದರೂ ಗ್ರಹಗಳಿಗೂ ಈ ನೀಹಾರಿಕೆಗಳಿಗೂ ಸಂಬಂಧವಿಲ್ಲ. 1781ರಲ್ಲಿ ಯುರೇನಸ್ಸನ್ನು ಕಂಡ ವಿಲಿಯಂ ಹರ್ಷೆಲ್, ಮುಂದಿನ ವರ್ಷಗಳಲ್ಲಿ ಆಕಾಶವನ್ನು ಜಾಲಾಡುವಾಗ ಸಿಕ್ಕ ಕೆಲವು ಮಸುಕು ಬಿಲ್ಲೆಗಳು ಗ್ರಹದ ಬಿಂಬದಂತೆಯೇ ಕಂಡದ್ದರಿಂದ ಆ ಹೆಸರಿಟ್ಟರು, ಅದೇ ಉಳಿಯಿತು. ವಾಸ್ತವದಲ್ಲಿ ಇವು ಸಾಯುತ್ತಿರುವ ನಕ್ಷತ್ರಗಳ ಹೊದಿಕೆಗಳು. ಸೂರ್ಯನಷ್ಟೇ ಇರುವ ಅಥವಾ ಅದರ ಎಂಟು ಪಟ್ಟಿನವರೆಗೆ ದ್ರವ್ಯರಾಶಿಯುಳ್ಳ ನಕ್ಷತ್ರವು ಒಡಲಿನ ಜಲಜನಕವನ್ನೂ ಆಮೇಲೆ ಹೀಲಿಯಮ್ಮನ್ನೂ ಉರಿಸಿ ಮುಗಿಸಿ, ಕೆಂಪು ದೈತ್ಯನಾಗಿ ಊದಿಕೊಂಡು, ಕೊನೆಗೆ ತನ್ನ ಹೊರಪದರಗಳನ್ನು ಗಾಳಿಯಂತೆ ಹೊರಕ್ಕೆ ಬಿಡುತ್ತದೆ. ಒಳಗಿನ ತಿರುಳು ಬತ್ತಲಾಗುತ್ತ ಹೋದಂತೆ ಅದರ ಮೇಲ್ಮೈ ಉಷ್ಣತೆ ಏರುತ್ತದೆ. ಅದು ಸುಮಾರು 30,000 ಡಿಗ್ರಿ ತಲುಪಿದಾಗ ಅದರಿಂದ ಹೊಮ್ಮುವ ನೇರಳಾತೀತ ಕಿರಣಗಳು ಹೊರಟುಹೋಗುತ್ತಿರುವ ಅನಿಲವನ್ನು ಹಿಡಿದು ಬೆಳಗಿಸುತ್ತವೆ. ಕೆಲವು ನಕ್ಷತ್ರಗಳಲ್ಲಿ ಈ ಉಷ್ಣತೆ ಒಂದು ಲಕ್ಷ ಡಿಗ್ರಿಯನ್ನೂ ದಾಟುತ್ತದೆ. ಅನಿಲವು ಸೆಕೆಂಡಿಗೆ 20ರಿಂದ 30 ಕಿಲೋಮೀಟರ್ ವೇಗದಲ್ಲಿ ಹಿಗ್ಗುತ್ತ, ಹತ್ತಿಪ್ಪತ್ತು ಸಾವಿರ ವರ್ಷಗಳಲ್ಲಿ ತೆಳುವಾಗಿ ಕಣ್ಮರೆಯಾಗುತ್ತದೆ. ತಿರುಳು ಭೂಮಿಯಷ್ಟೇ ಗಾತ್ರದ ಶ್ವೇತಕುಬ್ಜವಾಗಿ ಉಳಿಯುತ್ತದೆ. ನಮ್ಮ ಸೂರ್ಯನೂ ಇನ್ನು ಸುಮಾರು 500 ಕೋಟಿ ವರ್ಷಗಳ ಮೇಲೆ ಕೆಂಪು ದೈತ್ಯನಾಗಿ ಇದೇ ದಾರಿ ಹಿಡಿಯುವುದರಿಂದ, ಆ ಮಬ್ಬಿನ ನಡುವೆ ಒಂದು ಸೂಜಿಮೊನೆಯ ಬೆಳಕು ಕಂಡಾಗ ನಾನು ನಮ್ಮದೇ ಹೊತ್ತಿನ ಕೊನೆಯನ್ನು ನೋಡುತ್ತಿದ್ದೇನೆ ಎಂದು ಮೈ ನವಿರೇಳುತ್ತದೆ. ಈ ಭಾವನೆಯನ್ನು ನಾನು ಅಡಗಿಸಿ ಬರೆಯಲಾರೆ.

ಬ್ರಹ್ಮಪುರದ ನಮ್ಮ ಮನೆಯ ಮಾಳಿಗೆಯಿಂದಲೇ ಪರೀಕ್ಷೆ ಆರಂಭವಾಯಿತು. ಎಲ್‌ಇಡಿ ಬೀದಿದೀಪಗಳು ಬಂದ ಮೇಲೆ ಊರೊಳಗಿನ ಆಕಾಶ ಬೆಳ್ಳಗಾಗಿದೆ, ಕ್ಷೀರಪಥ ಕಾಣುವುದಿಲ್ಲ. ಹಾಗಿದ್ದೂ ಗ್ರಹೀಯ ನೀಹಾರಿಕೆಗಳಲ್ಲಿ ಹಲವು ಚಿಕ್ಕವು, ಅಳತೆಗೆ ಮೀರಿ ಉಜ್ವಲವಾದವು. ಗೆಲಾಕ್ಸಿಗಳಂತೆ ಅವು ಊರ ಬೆಳಕಿನಲ್ಲಿ ಕೊಚ್ಚಿಹೋಗುವುದಿಲ್ಲ. ಅಭಿಜಿತ್ ನಕ್ಷತ್ರವಿರುವ ವೀಣಾಮಂಡಲದ ಉಂಗುರ ನೀಹಾರಿಕೆ, ಅಂದರೆ ಫ್ರೆಂಚ್ ವೀಕ್ಷಕ ಮೆಸಿಯೇ ಅವರ ಪಟ್ಟಿಯ ಎಂ 57, ಮೊದಲ ರಾತ್ರಿಯೇ 120 ಪಟ್ಟಿನಲ್ಲಿ ಸಿಕ್ಕಿತು. 1779ರಲ್ಲಿ ಫ್ರಾನ್ಸಿನ ವೀಕ್ಷಕರು ಕಂಡ ಈ ನೀಹಾರಿಕೆ ಬೀಡಿಯ ಹೊಗೆಯ ಸುರುಳಿಯನ್ನು ಯಾರೋ ಗಾಳಿಯಲ್ಲಿ ನಿಲ್ಲಿಸಿದಂತೆ ಕಾಣುತ್ತದೆ. ಆದರೆ ಅದರ ನಡುವಿನ ನಕ್ಷತ್ರ ಕಾಣಲಿಲ್ಲ. ಅದು 15ನೇ ಕಾಂತಿಮಾನವನ್ನೂ ಮೀರಿದ ಕ್ಷೀಣ ಬೆಳಕು (ಕಾಂತಿಮಾನದ ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಸುಕು). ಊರಾಚೆಯ ಕಗ್ಗತ್ತಲಲ್ಲಿ 200 ಪಟ್ಟು ವರ್ಧಿಸಿ ಒಂದು ಗಂಟೆ ನೋಡಿದಾಗಲೂ ಉಂಗುರದ ಒಳಗು ಖಾಲಿಯೇ ಇತ್ತು. ಈ ಒಂದು ನಕ್ಷತ್ರಕ್ಕಾಗಿಯೇ ಕೊಳ್ಳುವವರು ಇನ್ನೂ ದೊಡ್ಡ ಕನ್ನಡಿಗೆ ಹಣ ಕೂಡಿಸುವುದು ಒಳಿತು.

ಇದಕ್ಕೆ ಪೂರ್ತಿ ಎದುರಾದದ್ದು, ಎನ್‌ಜಿಸಿ ಎಂಬ ಇನ್ನೊಂದು ದೊಡ್ಡ ಪಟ್ಟಿಯಲ್ಲಿರುವ, ರಾಜಹಂಸ ಮಂಡಲದ ಎನ್‌ಜಿಸಿ 6826. ಇದರ ನಡುವಿನ ನಕ್ಷತ್ರ ಸುಮಾರು 10ನೇ ಕಾಂತಿಮಾನದ್ದು, ಮಾಳಿಗೆಯಿಂದಲೂ ಗಟ್ಟಿಯಾಗಿ ಕಾಣುತ್ತದೆ. ಅದನ್ನೇ ನೆಟ್ಟ ದೃಷ್ಟಿಯಿಂದ ನೋಡಿದರೆ ಸುತ್ತಲಿನ ನೀಹಾರಿಕೆ ಇದ್ದಕ್ಕಿದ್ದಂತೆ ಅಳಿಸಿಹೋಗುತ್ತದೆ. ಕಣ್ಣನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದರೆ ಹಸಿರು ಛಾಯೆಯ ದುಂಡನೆಯ ಮಬ್ಬು ಉಬ್ಬಿ ಬಂದು ನಕ್ಷತ್ರವನ್ನೇ ನುಂಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಕಣ್ಣು ಮಿಟುಕಿಸುವ ನೀಹಾರಿಕೆ ಎಂಬ ಅರ್ಥದ ಹೆಸರೇ ಇದೆ. ಮಿಟುಕುವುದು ನೀಹಾರಿಕೆಯಲ್ಲ, ನಮ್ಮ ಕಣ್ಣಿನ ರಚನೆ ಹಾಗಿದೆ: ಅಕ್ಷಿಪಟಲದ ನಡುಭಾಗದಲ್ಲಿ ಬಣ್ಣ ಗುರುತಿಸುವ ಕೋಶಗಳಿವೆ, ಮಂದ ಬೆಳಕನ್ನು ಹಿಡಿಯುವ ಕೋಶಗಳು ಅದರ ಸುತ್ತ ಇವೆ. ನಮ್ಮ ಮಾಳಿಗೆಗೆ ಬಂದ ಮಕ್ಕಳಲ್ಲಿ ಈ ಆಟವನ್ನು ಇನ್ನೊಮ್ಮೆ ತೋರಿಸಿ ಎಂದು ಕೇಳದವರು ಯಾರೂ ಇಲ್ಲ. ದೂರದರ್ಶಕದ ಖರ್ಚಿನ ಅರ್ಧ ಭಾಗ ನನಗೆ ಈ ಒಂದು ನೀಹಾರಿಕೆಯಿಂದಲೇ ತೀರಿತು.

ಡಾಬ್ಸೋನಿಯನ್ ಪೀಠದ ಒಂದು ದೋಷವನ್ನು ಕಲಬುರಗಿಯವರು ವಿಶೇಷವಾಗಿ ತಿಳಿದಿರಬೇಕು. ನಮ್ಮ ಅಕ್ಷಾಂಶ ಸುಮಾರು 17 ಡಿಗ್ರಿ 20 ನಿಮಿಷ. 1764ರಲ್ಲಿ ಚಾರ್ಲ್ಸ್ ಮೆಸಿಯೇ ಕಂಡ, ಗ್ರಹೀಯ ನೀಹಾರಿಕೆಗಳಲ್ಲೇ ಮೊಟ್ಟಮೊದಲು ಪತ್ತೆಯಾದ ಎಂ 27, ನಮ್ಮಲ್ಲಿ ಉತ್ತುಂಗಕ್ಕೇರಿದಾಗ ನೆತ್ತಿಯಿಂದ ಐದಾರು ಡಿಗ್ರಿಯಷ್ಟೇ ದೂರವಿರುತ್ತದೆ. ವಾತಾವರಣದ ಅಡ್ಡಿ ಅತಿ ಕಡಿಮೆ ಇರುವ ಆ ಹೊತ್ತಿನಲ್ಲೇ ಈ ಪೀಠ ಮೊಂಡು ಹಿಡಿಯುತ್ತದೆ, ಏಕೆಂದರೆ ನೆತ್ತಿಯ ಹತ್ತಿರ ಕೊಳವೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಬೇಕಾದರೂ ಇಡೀ ಪೀಠವನ್ನು ಬಹಳ ದೂರ ತಿರುಗಿಸಬೇಕಾಗುತ್ತದೆ. ನಕ್ಷತ್ರವೋ 200 ಪಟ್ಟಿನಲ್ಲಿ ಅರ್ಧ ನಿಮಿಷ ಕಳೆಯುವಷ್ಟರಲ್ಲಿ ನೋಟದ ನಡುವಿನಿಂದ ಅಂಚಿನ ಕಡೆಗೆ ಜಾರಿರುತ್ತದೆ. ಉತ್ತುಂಗಕ್ಕೆ ಒಂದು ಗಂಟೆ ಮೊದಲೋ ಆಮೇಲೋ ನೋಡುವುದನ್ನು ಅಭ್ಯಾಸ ಮಾಡಿಕೊಂಡ ಮೇಲೆ ನನಗೆ ತೊಂದರೆ ತಪ್ಪಿತು. ಎಂ 27ರ ನಡುವಿನ 14ನೇ ಕಾಂತಿಮಾನದ ನಕ್ಷತ್ರವನ್ನು ಹಾಗೆ ಎರಡು ರಾತ್ರಿ, ಅದೂ ಊರಾಚೆ, ಓರೆಗಣ್ಣಿನಿಂದ ಮಿನುಗಿ ಮರೆಯಾಗುವಂತೆ ಕಂಡೆ.

ಇನ್ನು ಫಿಲ್ಟರ್. ನನ್ನ ದೃಷ್ಟಿಯಲ್ಲಿ ಈ ಇಡೀ ಖರೀದಿಯ ಜೀವಾಳ ಅದೇ. ಅದರ ಕೆಲಸ ಅರ್ಥವಾಗಲು 1864ರ ಆಗಸ್ಟ್ 29ರ ರಾತ್ರಿಗೆ ಹೋಗಬೇಕು. ಅಂದು ಲಂಡನ್ನಿನ ವಿಲಿಯಂ ಹಗಿನ್ಸ್ ಬೆಕ್ಕಿನ ಕಣ್ಣು ಎಂದು ಈಗ ಕರೆಯಲಾಗುವ ಎನ್‌ಜಿಸಿ 6543ರ ಬೆಳಕನ್ನು ರೋಹಿತದರ್ಶಕದ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಉಪಕರಣದ, ಮೂಲಕ ಹಾಯಿಸಿದರು. ನಕ್ಷತ್ರಗಳಲ್ಲಿ ಕಾಣುವ ಏಳು ಬಣ್ಣಗಳ ಪಟ್ಟಿಯ ಬದಲು ಅವರಿಗೆ ಕಂಡದ್ದು ಬೆರಳೆಣಿಕೆಯ ಹೊಳೆಯುವ ಗೆರೆಗಳು, ಅವುಗಳಲ್ಲಿ ಹಸಿರು ಗೆರೆಯೇ ಪ್ರಧಾನ. ನೀಹಾರಿಕೆ ನಕ್ಷತ್ರಗಳ ಗುಂಪಲ್ಲ, ಹೊಳೆಯುವ ಅನಿಲ ಎಂದು ಆ ರಾತ್ರಿ ಸಿದ್ಧವಾಯಿತು. ಆ ಹಸಿರು ಗೆರೆ ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದದೆ ಹೋದದ್ದರಿಂದ ನೆಬ್ಯೂಲಿಯಂ ಎಂಬ ಹೊಸ ಧಾತುವನ್ನೇ ಕಲ್ಪಿಸಿದರು. 1927ರಲ್ಲಿ ಅಮೆರಿಕದ ಐರಾ ಬೋವೆನ್ ಒಗಟನ್ನು ಬಿಡಿಸಿದರು: ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಬೆಳಕು. ನಮ್ಮ ಪ್ರಯೋಗಾಲಯಗಳ ನಿರ್ವಾತಕ್ಕಿಂತಲೂ ವಿರಳವಾದ ಅನಿಲದಲ್ಲಿ ಮಾತ್ರ ಆ ಅಯಾನು ಇನ್ನೊಂದು ಕಣಕ್ಕೆ ಡಿಕ್ಕಿ ಹೊಡೆಯದೆ ಆ ಬೆಳಕನ್ನು ಹೊರಸೂಸುವಷ್ಟು ಹೊತ್ತು ನೆಮ್ಮದಿಯಾಗಿ ಇರಬಲ್ಲದು. ಗೆರೆಗಳು ಎರಡು, 495.9 ಮತ್ತು 500.7 ನ್ಯಾನೋಮೀಟರ್. ನನ್ನ ಬೆರಳಿನುಂಗುರಕ್ಕಿಂತ ಸ್ವಲ್ಪ ದೊಡ್ಡದಾದ ಈ ಫಿಲ್ಟರ್ ಅವೆರಡನ್ನು ಒಳಬಿಟ್ಟು ಉಳಿದ ಬೆಳಕಿನ ಬಹುಪಾಲನ್ನು ತಡೆಯುತ್ತದೆ. ಊರಿನ ದೀಪಗಳೂ ತಡೆಗೆ ಸಿಗುತ್ತವೆ, ನಕ್ಷತ್ರಗಳೂ ಸಿಗುತ್ತವೆ, ನೀಹಾರಿಕೆ ಮಾತ್ರ ದಾಟಿ ಬರುತ್ತದೆ. ಆದ್ದರಿಂದ ಫಿಲ್ಟರ್ ಹಾಕಿದರೆ ಹೊದಿಕೆ, ತೆಗೆದರೆ ನಡುವಿನ ನಕ್ಷತ್ರ. ಒಂದೇ ವಸ್ತುವನ್ನು ಎರಡು ಬಾರಿ ನೋಡಬೇಕು.

ಇದರ ಪೂರ್ಣ ಫಲ ಸಿಕ್ಕಿದ್ದು ಹೋದ ಎಳ್ಳಮಾವಾಸ್ಯೆಯ ರಾತ್ರಿ, ಚಿಂಚೋಳಿ ತಾಲ್ಲೂಕಿನ ನಮ್ಮ ಸೋದರಮಾವನ ಹೊಲದಲ್ಲಿ. ನಮ್ಮ ಭಾಗದಲ್ಲಿ ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ಕಡಬು ಉಂಡು ಬರುವ ರೂಢಿ ಇರುವುದು ಓದುಗರಿಗೆ ಗೊತ್ತೇ ಇದೆ. ಅಮಾವಾಸ್ಯೆಯಾದ್ದರಿಂದ ಚಂದ್ರನಿಲ್ಲ, ಹತ್ತಿರ ಊರಿನ ದೀಪವಿಲ್ಲ, ಸುತ್ತ ಕೊಯ್ಲಿಗೆ ಬಂದ ತೊಗರಿ. ಕೊಳವೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ, ಪೀಠವನ್ನು ಡಿಕ್ಕಿಯಲ್ಲಿಟ್ಟು ಒಯ್ದಿದ್ದೆ. ರಾಶಿ ಮಾಡಲು ಸಾರಿಸಿದ ಕಣದ ಗಟ್ಟಿ ನೆಲದ ಮೇಲೆ ಅದು ಚೆನ್ನಾಗಿ ನಿಂತಿತು. ಉತ್ತ ಕರಿಮಣ್ಣಿನ ಮೇಲೆ ಇಟ್ಟಿದ್ದರೆ ಒಂದು ಬದಿ ಹೂತುಹೋಗುತ್ತಿತ್ತು.

ರಾತ್ರಿ 10ರ ಹೊತ್ತಿಗೆ ಕೃತ್ತಿಕೆಯಿಂದ ಈಶಾನ್ಯಕ್ಕೆ ಸುಮಾರು 8 ಡಿಗ್ರಿ ಸರಿದು ವೃಷಭ ಮಂಡಲದ ಎನ್‌ಜಿಸಿ 1514ಕ್ಕೆ ಬಂದೆ. ಫಿಲ್ಟರ್ ಇಲ್ಲದೆ ಅಲ್ಲಿ ಒಂದು ನಕ್ಷತ್ರ ಮಾತ್ರ, 9ನೇ ಕಾಂತಿಮಾನದ್ದು. ಫಿಲ್ಟರನ್ನು ನೇತ್ರಕದ ತಳಕ್ಕೆ ತಿರುಪಿ ಮತ್ತೆ ಕಣ್ಣಿಟ್ಟಾಗ ಆ ನಕ್ಷತ್ರ ಕುಗ್ಗಿತು, ಅದರ ಸುತ್ತ ದುಂಡಗಿನ ಮಬ್ಬು ಎದ್ದು ನಿಂತಿತು, ಅಂಚಿನ ಎರಡು ಕಡೆ ತುಸು ದಟ್ಟವಾಗಿ. ಮಾವ ಬಹಳ ಹೊತ್ತು ನೋಡಿ, “ಸುತ್ತ ಹೊಗಿ ಇದ್ದಂಗ ಅದ, ನಡಕ ಒಂದು ಚಿಕ್ಕಿ ಅದ” ಎಂದರು. 1790ರ ನವೆಂಬರ್ 13ರಂದು ಹರ್ಷೆಲ್ ಕಂಡದ್ದು ಇದನ್ನೇ. ಅದುವರೆಗೆ ಅವರು ಎಲ್ಲ ನೀಹಾರಿಕೆಗಳೂ ಬಹಳ ದೂರದ ನಕ್ಷತ್ರಗಳ ಗುಂಪುಗಳೇ ಇರಬೇಕೆಂದು ನಂಬಿದ್ದರು. ಈ ಮಬ್ಬು ನಟ್ಟನಡುವಿನ ಒಂದೇ ನಕ್ಷತ್ರಕ್ಕೆ ಸೇರಿದ್ದೆಂದು ಸ್ಪಷ್ಟವಾದ ಮೇಲೆ ಅವರು ಆ ನಂಬಿಕೆಯನ್ನು ಬಿಟ್ಟು, ಹೊಳೆಯುವ ದ್ರವವೊಂದು ಆಕಾಶದಲ್ಲಿ ಇದೆ ಎಂಬ ತೀರ್ಮಾನಕ್ಕೆ ಬಂದರು. ಹಗಿನ್ಸರ ರೋಹಿತಕ್ಕಿಂತ 74 ವರ್ಷ ಮೊದಲು, ಬರೀ ಕಣ್ಣಿನ ಬಲದಿಂದ! ಆ ತೀರ್ಮಾನಕ್ಕೆ ಕಾರಣವಾದ ನೋಟ ಚಿಂಚೋಳಿಯ ಕಣದಲ್ಲಿ ನನ್ನ ಕಣ್ಣೆದುರು ಇತ್ತು.

ಆದರೆ ಮಾವ ಕಂಡ ಚಿಕ್ಕಿ ಈ ನೀಹಾರಿಕೆಯನ್ನು ಬೆಳಗಿಸುತ್ತಿಲ್ಲ. ಅದು ಅಷ್ಟು ಬಿಸಿಯಾದ ನಕ್ಷತ್ರವಲ್ಲ. ಅದರ ಪ್ರಭೆಯಲ್ಲಿ ಮುಚ್ಚಿಹೋದ ಸಂಗಾತಿಯೊಂದಿದೆ, ಅನಿಲವನ್ನು ಉಗುಳಿದ್ದೂ ಈಗ ಬೆಳಗಿಸುತ್ತಿರುವುದೂ ಆ ಸಂಗಾತಿಯೇ. ಎರಡೂ ಒಂದನ್ನೊಂದು ಸುತ್ತಲು ಸುಮಾರು 9 ವರ್ಷ ತೆಗೆದುಕೊಳ್ಳುತ್ತವೆ ಎಂದು 2017ರಲ್ಲಿ ತಿಳಿದುಬಂತು. ಗ್ರಹೀಯ ನೀಹಾರಿಕೆಗಳು ದುಂಡಗೆ ಉಳಿಯದೆ ಚಿಟ್ಟೆ, ಮರಳುಗಡಿಯಾರಗಳ ಆಕಾರ ತಾಳುವುದಕ್ಕೆ ಇಂತಹ ಜೋಡಿಗಳೇ ಮುಖ್ಯ ಕಾರಣವೆಂದು ಇಂದಿನ ಖಗೋಳಶಾಸ್ತ್ರಜ್ಞರಲ್ಲಿ ಬಹುಪಾಲಿನವರು ಭಾವಿಸುತ್ತಾರೆ.

ನಡುರಾತ್ರಿ ಕಳೆದ ಮೇಲೆ ಮಿಥುನದ ಎನ್‌ಜಿಸಿ 2392 ನೆತ್ತಿಗೆ ಹತ್ತಿರವಾಯಿತು. 1787ರಲ್ಲಿ ಹರ್ಷೆಲ್ಲರೇ ಕಂಡ ಇದು 200 ಪಟ್ಟಿನಲ್ಲಿ ಎರಡು ಪದರಗಳಾಗಿ ಕಾಣುತ್ತದೆ, ಒಳಗೆ ಉಜ್ವಲವಾದ ಬಿಲ್ಲೆ, ಹೊರಗೆ ತೆಳುವಾದ ಇನ್ನೊಂದು, ನಡುವೆ ಚುಚ್ಚುವಂತಹ ನಕ್ಷತ್ರ. ನಾನು ನೋಡಿದ ಎಲ್ಲ ನಡುನಕ್ಷತ್ರಗಳಲ್ಲಿ ಇದೇ ಅತ್ಯಂತ ಸ್ವಚ್ಛವಾದದ್ದು. ಫಿಲ್ಟರ್ ಇಲ್ಲಿ ಬೇಡ.

ಕುಂಭ ರಾಶಿಯ ಎನ್‌ಜಿಸಿ 7293ರ ವಿಷಯದಲ್ಲಿ ಮಾತ್ರ ಫಿಲ್ಟರ್ ಇಲ್ಲದೆ ಗತಿಯಿಲ್ಲ. ಭೂಮಿಗೆ ಅತಿ ಹತ್ತಿರದ ಗ್ರಹೀಯ ನೀಹಾರಿಕೆಗಳಲ್ಲಿ ಒಂದಾದ ಇದು ಸುಮಾರು 650 ಜ್ಯೋತಿರ್ವರ್ಷ ದೂರದಲ್ಲಿದ್ದು, ಆಕಾಶದಲ್ಲಿ ಹುಣ್ಣಿಮೆಯ ಚಂದ್ರನ ಅಗಲಕ್ಕೆ ಹತ್ತಿರವಾಗುವಷ್ಟು ಹರಡಿಕೊಂಡಿದೆ. ಬೆಳಕು ಅಷ್ಟು ಜಾಗಕ್ಕೆ ಹಂಚಿಹೋಗಿರುವುದರಿಂದ ಮಾಳಿಗೆಯಿಂದ ಏನೇ ಮಾಡಿದರೂ ಕಾಣಲಿಲ್ಲ. ಹೊಲದಿಂದ, 48 ಪಟ್ಟಿನಲ್ಲಿ, ಫಿಲ್ಟರಿನೊಂದಿಗೆ, ಉಸಿರು ತಾಗಿದ ಗಾಜಿನ ಮೇಲಿನ ಕಲೆಯಂತಹ ಉಂಗುರವೊಂದು ಕಂಡಿತು. ಉತ್ತರ ಯುರೋಪಿನವರಿಗೆ ಇದು ದಿಗಂತಕ್ಕೆ ಅಂಟಿಕೊಂಡಿರುತ್ತದೆ, ನಮಗೆ 52 ಡಿಗ್ರಿ ಎತ್ತರಕ್ಕೆ ಬರುತ್ತದೆ.

ನಡುನಕ್ಷತ್ರಗಳು ತಮ್ಮ ಬೆಳಕಿನ ಬಹುಪಾಲನ್ನು ನೇರಳಾತೀತದಲ್ಲಿ ಚೆಲ್ಲುತ್ತವೆ, ಅದನ್ನು ವಾತಾವರಣ ತಡೆಯುತ್ತದೆ, ಆದ್ದರಿಂದ ಎಷ್ಟು ದೊಡ್ಡ ಕನ್ನಡಿ ಕೊಂಡರೂ ನಮ್ಮ ಕಣ್ಣಿಗೆ ಸಿಗುವುದು ಅಲ್ಪ ಭಾಗ. ಇಸ್ರೋ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕ ಎನ್‌ಜಿಸಿ 40ರ ಸುತ್ತ ಅದುವರೆಗೆ ಯಾರೂ ಕಾಣದ ಮಸುಕು ಪ್ರಭಾವಳಿಯೊಂದನ್ನು ಪತ್ತೆ ಮಾಡಿತು. ಆ ದೂರದರ್ಶಕವನ್ನು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ. ಎನ್‌ಜಿಸಿ 40 ನಮ್ಮಲ್ಲಿ ಉತ್ತರಕ್ಕೆ 35 ಡಿಗ್ರಿ ಎತ್ತರದವರೆಗೆ ಬರುತ್ತದೆ. ಪ್ರಭಾವಳಿ ಕಾಣುವುದಿಲ್ಲವಾದರೂ ಸುಮಾರು 11ನೇ ಕಾಂತಿಮಾನದ ನಡುನಕ್ಷತ್ರ 8 ಇಂಚಿಗೆ ಸಲೀಸಾಗಿ ಸಿಗುತ್ತದೆ.

ದಿನಬಳಕೆಯ ಕಷ್ಟಗಳನ್ನೂ ಹೇಳಬೇಕು. ಒಟ್ಟು ತೂಕ 20 ಕಿಲೋ ದಾಟುವುದರಿಂದ ಮಾಳಿಗೆಗೆ ಎರಡು ಕಂತಿನಲ್ಲಿ ಹೊರಬೇಕು. ಕಲಬುರಗಿಯ ಬೇಸಿಗೆಯಲ್ಲಿ ಹಗಲೆಲ್ಲ ಕಾದ ಕನ್ನಡಿ ತಣಿಯಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು, ಅಷ್ಟರವರೆಗೆ ನಕ್ಷತ್ರಗಳು ನೀರೊಳಗಿನ ದೀಪದಂತೆ ನಡುಗುತ್ತವೆ. ಮಳೆಗಾಲದಲ್ಲಿ ಪೀಠದ ಹಲಗೆ ತೇವ ಹೀರಿ ಉಬ್ಬುತ್ತದೆ. ನಾನು ಅಂಚುಗಳಿಗೆ ವಾರ್ನಿಷ್ ಬಳಿದಿದ್ದೇನೆ. ಧೂಳು ಬಿದ್ದಿತೆಂದು ಕನ್ನಡಿಯನ್ನು ಪದೇ ಪದೇ ಒರೆಸಬಾರದು, ಎರಡು ವರ್ಷಗಳಲ್ಲಿ ನಾನು ತೊಳೆದದ್ದು ಒಂದೇ ಸಲ.

ಇಷ್ಟೆಲ್ಲ ತಿಳಿದೂ ನಾನು ಇದನ್ನೇ ಮತ್ತೆ ಕೊಳ್ಳುತ್ತೇನೆ. ನಾನು ಹುಡುಕಿದ ಹನ್ನೊಂದು ನೀಹಾರಿಕೆಗಳಲ್ಲಿ ಏಳರ ನಡುನಕ್ಷತ್ರವನ್ನು ಇದು ತೋರಿಸಿದೆ. ಫೋಟೋಗಳ ಕೆಂಪು, ನೀಲಿ ಬಣ್ಣಗಳನ್ನು ನಿರೀಕ್ಷಿಸುವವರು ಮಾತ್ರ ಹಣ ಹಾಕಬೇಡಿ, ಕಣ್ಣಿಗೆ ಕಾಣುವುದು ಬೂದಿ ಬಣ್ಣ, ಹೆಚ್ಚೆಂದರೆ ತೆಳು ಹಸಿರು. ಬಜೆಟ್ ಬಿಗಿಯಾಗಿದ್ದರೆ ಹೆಚ್ಚುವರಿ ನೇತ್ರಕವನ್ನು ಮುಂದೂಡಿ, ಫಿಲ್ಟರನ್ನು ಬಿಡಬೇಡಿ.

ಈ ಮಾರ್ಚ್ ತಿಂಗಳಲ್ಲಿ ರಾತ್ರಿ 11ರ ಸುಮಾರಿಗೆ ದಕ್ಷಿಣದಲ್ಲಿ ಎನ್‌ಜಿಸಿ 3132 ನೋಡಿದೆ. ನಮ್ಮಲ್ಲಿ ಅದು 32 ಡಿಗ್ರಿ ಎತ್ತರಕ್ಕೆ ಬರುತ್ತದೆ. 2022ರ ಜುಲೈ 12ರಂದು ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು ಬಿಡುಗಡೆಯಾದಾಗ ಅವುಗಳಲ್ಲಿ ಇದೂ ಒಂದಾಗಿತ್ತು, ನಡುವೆ ಎರಡು ನಕ್ಷತ್ರಗಳು ಅಕ್ಕಪಕ್ಕ ಸ್ಪಷ್ಟವಾಗಿ ಇದ್ದವು. ನನ್ನ ನೇತ್ರಕದಲ್ಲಿ ದುಂಡಗಿನ ಮಬ್ಬಿನ ನಡುವೆ 10ನೇ ಕಾಂತಿಮಾನದ ನಕ್ಷತ್ರ ಚೆನ್ನಾಗಿ ಕಂಡಿತು. ನೀಹಾರಿಕೆಯನ್ನು ಚೆಲ್ಲಿದ್ದು ಅದರ ಪಕ್ಕದ 16ನೇ ಕಾಂತಿಮಾನದ ನಕ್ಷತ್ರ. ಅದು ಈ ಕನ್ನಡಿಗೆ ಎಟುಕುವುದಿಲ್ಲ ಎಂದು ಗೊತ್ತಿದ್ದರೂ, ಅದು ಇರುವ ಜಾಗವನ್ನು ಚಿತ್ರದಲ್ಲಿ ಗುರುತು ಹಾಕಿಕೊಂಡು ಹೋಗಿದ್ದೆ, ಅಲ್ಲಿಯೇ ಬಹಳ ಹೊತ್ತು ಕಣ್ಣಿಟ್ಟು ಕುಳಿತಿದ್ದೆ.